ತ್ರಿಕೋನದ್ದೋ ಗ್ರಿಲ್ಲೋ? ಮೊದಲು ನಿಮ್ಮ ಬ್ರೆಡ್ ಅಳೆಯಿರಿ

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ ಮೂವರು, ಬೆಳಿಗ್ಗೆ ಮಗಳ ಡಬ್ಬಿಗೆ ಒಂದು ಸ್ಯಾಂಡ್‌ವಿಚ್, ಸಂಜೆ ಕಾಫಿ ಜೊತೆ ಒಂದೆರಡು. ತ್ರಿಕೋನ ಅಚ್ಚಿನ ಟೋಸ್ಟರ್ ತಗೊಳ್ಳೋದೋ, ಗೆರೆಗೆರೆಯ ಚಪ್ಪಟೆ ತಟ್ಟೆಯ ಗ್ರಿಲ್ ತಗೊಳ್ಳೋದೋ, ಎಷ್ಟು ವ್ಯಾಟ್‌ದು ಇರಬೇಕು ಅಂತ.

ಆದರೆ ಮನೆಗೆ ಯಾವ ಬ್ರೆಡ್ ತರುತ್ತೀರಿ ಅನ್ನೋದನ್ನೇ ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲಾ ಅದರ ಮೇಲೇ ನಿಂತಿದೆ. ಇದು ದುಡ್ಡು ಕಳೆದುಕೊಂಡು ಕಲಿತ ಮಾತು, ಕೇಳಿ.

ನಮ್ಮ ಮನೆಗೆ ಬರೋದು ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯ ಬ್ರೆಡ್. ಆರು ವರ್ಷದ ಹಿಂದೆ ನಾನು ತಂದದ್ದು ತ್ರಿಕೋನ ಅಚ್ಚಿನದು, ನೋಡೋಕೆ ಮುದ್ದಾಗಿತ್ತು. ಅದರ ಅಚ್ಚು ಪ್ಯಾಕೆಟ್ ಬ್ರೆಡ್ಡಿನ ಅಳತೆಗೆ ಮಾಡಿದ್ದು. ನಮ್ಮ ಬೇಕರಿ ಸ್ಲೈಸ್ ಅದಕ್ಕಿಂತ ಚಿಕ್ಕದು. ಈ ಅಚ್ಚಿನ ಕೆಲಸವೆಲ್ಲ ಇರೋದೇ ಅಂಚಿನಲ್ಲಿ: ಸುತ್ತಲಿನ ದಿಣ್ಣೆ, ಮಧ್ಯದ ಓರೆ ಗೆರೆ ಎರಡೂ ಸೇರಿ ಎರಡು ಸ್ಲೈಸನ್ನು ಒತ್ತಿ, ಕರ್ಜಿಕಾಯಿ ಬಾಯಿ ಮುಚ್ಚಿದ ಹಾಗೆ ಮುಚ್ಚುತ್ತವೆ. ಸ್ಲೈಸ್ ಅಲ್ಲಿಗೆ ಮುಟ್ಟದಿದ್ದರೆ ಬಾಯಿ ತೆರೆದೇ ಇರುತ್ತೆ, ಆಲೂಗಡ್ಡೆ ಪಲ್ಯ ಆಚೆ ಬಂದು ತಟ್ಟೆಗೆ ಕರಕಲು ಹತ್ತುತ್ತೆ. ಚೀಸ್ ಹಾಕಿದ ದಿನ ಅದು ಕರಗಿ ಹಿಂದಿನ ಕೀಲಿನೊಳಗೆ ಇಳಿಯಿತು. ತಟ್ಟೆ ಕಳಚೋಕೆ ಬರಲ್ಲ, ಇಡೀ ಯಂತ್ರವನ್ನು ನಲ್ಲಿ ಕೆಳಗೆ ಹಿಡಿಯೋ ಹಾಗೂ ಇಲ್ಲ. ಒಂದು ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಕೆಂಪಿರುವೆ ಸಾಲು! ನಮ್ಮತ್ತೆ ಅವತ್ತಿಂದ ಅದನ್ನು ಮುಟ್ಟಲಿಲ್ಲ.

ಅದಕ್ಕೇ ಹೇಳ್ತೀನಿ, ಅಂಗಡಿಗೆ ಹೋಗೋ ಮುಂಚೆ ನಿಮ್ಮ ಬ್ರೆಡ್ ಸ್ಲೈಸ್ ಇಟ್ಟು ಅದೇ ಅಳತೆಗೆ ಪೇಪರ್ ಕತ್ತರಿಸಿಕೊಳ್ಳಿ. ಅಂಗಡಿಯಲ್ಲಿ ಅಚ್ಚಿನ ಮೇಲೆ ಇಟ್ಟು ನೋಡಿ. ಅಂಗಡಿಯವನು ವಿಚಿತ್ರವಾಗಿ ನೋಡಬಹುದು, ನೋಡಲಿ ಬಿಡಿ. ಪೇಪರ್ ದಿಣ್ಣೆ ಮೇಲೆ ಸ್ವಲ್ಪ ಹತ್ತಿ ಕೂತರೆ ತ್ರಿಕೋನದ್ದು ನಿಮಗೆ ಸರಿ. ಡಬ್ಬಿಗೆ ಅದೇ ವಾಸಿ, ಒಳಗಿನದು ಚೆಲ್ಲಲ್ಲ, ಮಕ್ಕಳ ಕೈಗೆ ಸಲೀಸು. ಆದರೆ ಅದರಲ್ಲಿ ಪಲ್ಯ ಎರಡು ಚಮಚದ ಮೇಲೆ ಹಿಡಿಯಲ್ಲ. ಜಾಸ್ತಿ ತುರುಕಿ ಬಲವಂತವಾಗಿ ಅದುಮಿದರೆ ಮೊದಲು ಮುರಿಯೋದು ಮುಂದಿನ ಕೊಂಡಿ. ನನ್ನದರಲ್ಲಿ ಪ್ಲಾಸ್ಟಿಕ್ ಕೊಂಡಿ ಇತ್ತು, ವರ್ಷ ತುಂಬೋ ಮುಂಚೆ ಚಟ್ ಅಂತ ಹೋಯಿತು. ಆಮೇಲೆ ಮೇಲೊಂದು ಒರಳುಕಲ್ಲಿನ ಗುಂಡು ಇಟ್ಟು ಟೋಸ್ಟ್ ಮಾಡಿದ್ದೂ ಉಂಟು, ನೀವು ಹಾಗೆ ಮಾಡಬೇಡಿ.

ಬೇಕರಿ ಬ್ರೆಡ್ಡು, ಬನ್ನು, ಒಂದೊಂದು ದಿನ ಒಂದೊಂದು ಥರ ಅಂದರೆ ಗ್ರಿಲ್ ತಟ್ಟೆಯದೇ ತಗೊಳ್ಳಿ. ಅದಕ್ಕೆ ಬ್ರೆಡ್ಡಿನ ಅಳತೆಯ ಹಂಗಿಲ್ಲ. ಪನೀರ್ ತುಂಡು, ದಪ್ಪಮೆಣಸಿನಕಾಯಿ ಕೂಡ ಸುಟ್ಟುಕೊಳ್ಳಬಹುದು. ಇಲ್ಲಿ ನೋಡಬೇಕಾದದ್ದು ಕೀಲು. ಕೀಲು ಮೇಲೇಳದೆ ಒಂದೇ ಮಟ್ಟದಲ್ಲಿ ಬಿಗಿಯಾಗಿದ್ದರೆ ಮೇಲಿನ ತಟ್ಟೆ ಹಿಂದುಗಡೆ ಜೋರಾಗಿ ಒತ್ತಿ ಮುಂದೆ ಬಾಯಿ ತೆರೆಯುತ್ತೆ. ಈರುಳ್ಳಿ, ಟೊಮೆಟೊ ಎಲ್ಲಾ ಜಾರಿ ಮುಂದಕ್ಕೆ ಬರುತ್ತೆ, ಹಿಂದಿನ ಅರ್ಧ ಅಪ್ಪಚ್ಚಿ. ಒಳ್ಳೆಯದರಲ್ಲಿ ಕೀಲು ಒಂದಿಷ್ಟು ಮೇಲಕ್ಕೆ ಎದ್ದು, ದಪ್ಪ ಎಷ್ಟಿದ್ದರೂ ಮೇಲಿನ ತಟ್ಟೆ ಮಟ್ಟಸವಾಗಿ ಕೂರುತ್ತೆ. ಅಂಗಡಿಯಲ್ಲೇ ಎರಡು ಬೆರಳು ದಪ್ಪದ ಏನಾದರೂ ಮಧ್ಯೆ ಇಟ್ಟು ಮುಚ್ಚಿ ನೋಡಿದರೆ ಗೊತ್ತಾಗುತ್ತೆ.

ತಟ್ಟೆ ಕಳಚಿ ತೊಳೆಯೋಕೆ ಬರೋ ಮಾದರಿ ಸ್ವಲ್ಪ ದುಬಾರಿ. ನಾನಂತೂ ಅದಕ್ಕೆ ದುಡ್ಡು ಕೊಡ್ತೀನಿ. ಆ ಇರುವೆ ಸಾಲು ಇನ್ನೂ ಕಣ್ಣಲ್ಲಿದೆ.

ಈಗ ವ್ಯಾಟ್. ಎರಡು ಸ್ಯಾಂಡ್‌ವಿಚ್ ಹಿಡಿಸೋದಕ್ಕೆ 700ರಿಂದ 800 ವ್ಯಾಟ್ ಧಾರಾಳ, ದೊಡ್ಡ ಗ್ರಿಲ್ ಆದರೆ 1000 ಇರಲಿ. ಕರೆಂಟ್ ಬಿಲ್ಲಿನ ಚಿಂತೆ ಬೇಡ. 750 ವ್ಯಾಟ್‌ದು ಹತ್ತು ನಿಮಿಷ ಬಿಡದೆ ಉರಿದರೂ 0.125 ಯೂನಿಟ್, ಅಂದರೆ ಯೂನಿಟ್ಟಿನ ಎಂಟನೇ ಒಂದು ಭಾಗ. ಕಾವು ಸಾಕಾದಾಗ ಅದೇ ಆರಿ ಹೊತ್ತಿಕೊಳ್ಳೋದರಿಂದ ಅಷ್ಟೂ ಆಗಲ್ಲ. ಕರೆಂಟ್ ಹೋದಾಗ ಮಾತ್ರ ಇನ್ವರ್ಟರ್ ಮೇಲೆ ಹಾಕಬೇಡಿ, ಮನೆಯ ಸಣ್ಣ ಇನ್ವರ್ಟರಿಗೆ ಅದು ಹೊರೆ. ವೈರ್ ಉದ್ದ ಎಷ್ಟಿದೆ ನೋಡಿ, ಕೆಲವದರಲ್ಲಿ ಒಂದು ಗೇಣು ಜಾಸ್ತಿ ಇದ್ದಿದ್ದರೆ ಅನ್ನಿಸುತ್ತೆ. ಮೂರು ಪಿನ್ನಿನ ಪ್ಲಗ್ ಇರಲೇಬೇಕು.

ಇಷ್ಟೆಲ್ಲ ಓದಿ ತಲೆ ಕೆಟ್ಟರೆ ಇನ್ನೊಂದು ದಾರಿ ಇದೆ: ಪಾತ್ರೆ ಅಂಗಡಿಯಲ್ಲಿ ಸಿಗೋ ಗ್ಯಾಸ್ ಟೋಸ್ಟರ್. ಎರಡು ಅಲ್ಯುಮಿನಿಯಂ ತಟ್ಟೆ, ಉದ್ದ ಹಿಡಿ, ಒಂದು ಕೊಂಡಿ, ಅಷ್ಟೇ. ಕರೆಂಟಿನದಕ್ಕೆ ಹೋಲಿಸಿದರೆ ಬೆಲೆ ತೀರಾ ಕಮ್ಮಿ, ಕೆಡೋಕೆ ಅದರಲ್ಲಿ ಏನೂ ಇಲ್ಲ, ನಲ್ಲಿ ಕೆಳಗೆ ಹಿಡಿದು ತಿಕ್ಕಿ ತೊಳೆಯಬಹುದು. ಸಣ್ಣ ಉರಿಯಲ್ಲಿ ಆ ಕಡೆ ಈ ಕಡೆ ತಿರುವುತ್ತಾ ಪಕ್ಕದಲ್ಲೇ ನಿಂತಿರಬೇಕು, ಫೋನ್ ಬಂತು ಅಂತ ಹೋದರೆ ಇದ್ದಿಲು. ಇಂಡಕ್ಷನ್ ಒಲೆ ಮೇಲೆ ನಡೆಯಲ್ಲ. ವಾರಕ್ಕೆ ಎರಡೇ ಸಲ ಮಾಡೋರಿಗೆ ನಾನು ಹೇಳೋದು ಇದನ್ನೇ. ನಿಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಬೇಕಲ್ಲ, ನಿಮಗೆ ಕರೆಂಟಿನದೇ ಅನುಕೂಲ: ಬ್ರೆಡ್ ಇಟ್ಟು ಮುಚ್ಚಿ ಮಗಳಿಗೆ ಜಡೆ ಹಾಕಿ ಬರಬಹುದು.

ಹಾಂ, ಬೇಕರಿಯಲ್ಲಿ ಕೊಡ್ತಾರಲ್ಲ, ಮೇಲೆ ಈರುಳ್ಳಿ, ಕ್ಯಾರೆಟ್ ಮಸಾಲೆ ಹರಡಿದ ಟೋಸ್ಟ್, ಅದು ಬೇಕು ಅಂತ ಈ ಯಂತ್ರ ಕೊಂಡರೆ ನಿರಾಶೆ ಆಗುತ್ತೆ. ಅದಕ್ಕೆ ತುಪ್ಪ ಸವರಿದ ಕಾವಲಿಯೇ ಬೇಕು.

ತಂದ ಮೇಲೆ ಮೊದಲ ಸಲ ಬ್ರೆಡ್ ಇಡದೆ ಐದು ನಿಮಿಷ ಬಿಸಿ ಮಾಡಿ, ಕಿಟಕಿ ತೆಗೆದಿಡಿ, ಒಂಥರಾ ವಾಸನೆ ಬಂದು ಹೋಗುತ್ತೆ. ಒಳಗೆ ಬೆಣ್ಣೆ ಸವರಬೇಡಿ, ಬ್ರೆಡ್ಡಿನ ಹೊರಮೈಗೆ ಸವರಿ. ನಾನ್‌ಸ್ಟಿಕ್ ತಟ್ಟೆಗೆ ಸ್ಟೀಲ್ ಚಮಚ ತಾಗಿಸಬೇಡಿ, ಮರದ ಸಟ್ಟುಗ ಸಾಕು. ರಾತ್ರಿ ಉಳಿದ ಪಲ್ಯ ಹಾಕೋದಾದರೆ ಬಾಣಲೆಯಲ್ಲಿ ಒಂದು ಸುತ್ತು ಬಾಡಿಸಿ ನೀರು ಆರಿಸಿಕೊಳ್ಳಿ, ಇಲ್ಲದಿದ್ದರೆ ಬ್ರೆಡ್ ಮೇಲೆ ಗರಿಗರಿ, ಒಳಗೆ ಮುದ್ದೆ.