ಮಾದರಿ ರೈಲು ಕಟ್ಟಲು ಹೊಸಬರು ಏನನ್ನು ಓದಬೇಕು, ಎಲ್ಲಿಂದ ಕಲಿಯಬೇಕು?

ಮೇಜಿನಷ್ಟು ಜಾಗವಿದೆ, ಎಚ್‌ಒ ಮತ್ತು ಎನ್ ಎಂಬ ಅಳತೆಗಳ ಹೆಸರುಗಳು ಕಿವಿಗೆ ಬಿದ್ದಿವೆ, ವಿಡಿಯೊ ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ ಎಂದಿದ್ದೀರಿ. ಹಾಗಿದ್ದರೆ ವಿಡಿಯೊಗಳನ್ನು ಸದ್ಯಕ್ಕೆ ಬದಿಗಿಡಿ. ಬೆಸುಗೆ ಹಾಕುವುದು, ಹಳಿಯ ನಡುವೆ ಜಲ್ಲಿ ಅಂಟಿಸುವುದು, ಹೊಸ ವ್ಯಾಗನ್ನಿಗೆ ಹಳೆಯ ಕಳೆ ತರುವುದು, ಇಂಥ ಕೈಕೆಲಸವನ್ನು ಅವು ಚೆನ್ನಾಗಿ ಕಲಿಸುತ್ತವೆ. ಆದರೆ ನಿಮ್ಮ ಜಾಗದಲ್ಲಿ ಏನನ್ನು ಕಟ್ಟಬಹುದು ಎಂಬುದನ್ನು ಯಾವ ವಿಡಿಯೊವೂ ಹೇಳುವುದಿಲ್ಲ. ಹೊಸಬರು ಸೋತು ಪೆಟ್ಟಿಗೆ ಕಟ್ಟಿ ಅಟ್ಟಕ್ಕೇರಿಸುವುದು ಬಹುಪಾಲು ಅಲ್ಲಿಯೇ.

ಮೊದಲ ಓದು ಪುಸ್ತಕವಲ್ಲ, ಮಾನದಂಡದ ಹಾಳೆಗಳು. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ 1935ರಲ್ಲಿ ಹುಟ್ಟಿದ್ದು. ಚಕ್ರ, ಹಳಿ, ತಿರುವು, ವಿದ್ಯುತ್ತು ಎಲ್ಲದರ ಅಳತೆಗಳನ್ನೂ ಅದು ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಯುರೋಪಿನ ತಯಾರಿಕೆಗಳಿಗೆ ಎನ್‌ಇಎಂ ಎಂಬ ಬೇರೆ ಮಾನದಂಡ ಮಾಲೆಯಿದೆ. ಓದಲು ರುಚಿಯಿಲ್ಲ, ಒಪ್ಪುತ್ತೇನೆ. ಆದರೂ ಎಚ್‌ಒ ಎಂದರೆ ನಿಜ ರೈಲಿನ 87ನೆಯ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್, ಎನ್ ಎಂದರೆ 160ನೆಯ ಒಂದು ಪಾಲು, 9 ಮಿಲಿಮೀಟರ್ ಎಂಬುದು ಮನಸ್ಸಿನಲ್ಲಿ ಕುಳಿತರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಬ್ರಿಟನ್ನಿನ ಒಒ ಮಾದರಿಗಳು ಇದೇ 16.5ರ ಹಳಿಯ ಮೇಲೆ ಓಡಿದರೂ ಸುಮಾರು 76ನೆಯ ಒಂದು ಪಾಲಿನವು. ಎಚ್‌ಒ ಬೋಗಿಯ ಪಕ್ಕದಲ್ಲಿ ನಿಲ್ಲಿಸಿದರೆ ದಪ್ಪಗೆ ಕಾಣುತ್ತವೆ.

ಈಗ ನಿಮ್ಮ ಮೇಜು. ಎಚ್‌ಒದಲ್ಲಿ ಬಿಗಿಯಾದ ತಿರುವೆಂದು ಸಾಮಾನ್ಯವಾಗಿ ಬಳಸುವುದು 18 ಅಂಗುಲ, ಅಂದರೆ 457 ಮಿಲಿಮೀಟರ್ ತ್ರಿಜ್ಯ. ಅರ್ಧ ಸುತ್ತು ತಿರುಗಿಸಲು 91 ಸೆಂಟಿಮೀಟರ್ ಬೇಕು. ಅಂಚಿನಿಂದ ರೈಲು ಬೀಳದಂತೆ ಇನ್ನಷ್ಟು ಸೇರಿಸಿದರೆ ಮೀಟರ್ ಅಗಲವಾಯಿತು. ಬಳಕೆಯಲ್ಲಿರುವ ಇನ್ನೊಂದು ನಿಯಮವೆಂದರೆ ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಬೇಕು. 85 ಅಡಿಯ ಪ್ರಯಾಣಿಕ ಬೋಗಿ ಎಚ್‌ಒದಲ್ಲಿ ಸುಮಾರು 30 ಸೆಂಟಿಮೀಟರ್ ಆಗುತ್ತದೆ, ಅದಕ್ಕೆ 90 ಸೆಂಟಿಮೀಟರ್ ತ್ರಿಜ್ಯ ಬೇಕು. 40 ಅಡಿಯ ಸರಕು ವ್ಯಾಗನ್ 14 ಸೆಂಟಿಮೀಟರ್ ಮಾತ್ರ, ಅದೇ 18 ಅಂಗುಲದಲ್ಲಿ ನಿಶ್ಚಿಂತೆಯಿಂದ ತಿರುಗುತ್ತದೆ. ಉದ್ದನೆಯ ಎಕ್ಸ್‌ಪ್ರೆಸ್ ಓಡಿಸುವ ಆಸೆಯಿದ್ದರೆ ಎನ್ ಆರಿಸಿಕೊಳ್ಳಿ. ಹತ್ತಿರದಿಂದ ನೋಡುತ್ತ ಕೈಯಿಂದ ಕೆಲಸ ಮಾಡುವ ಸುಖ ಬೇಕಿದ್ದರೆ ಎಚ್‌ಒ ಇರಲಿ, ಆದರೆ ಚಿಕ್ಕ ಎಂಜಿನ್, ಚಿಕ್ಕ ವ್ಯಾಗನ್. ಪೆಟ್ಟಿಗೆಯಲ್ಲಿ ಬರುವ ದುಂಡನೆಯ ಹಳಿ ನನಗೆ ಹಿಡಿಸುವುದಿಲ್ಲ. ರೈಲು ಸುತ್ತುತ್ತದೆ, ನೋಡುವವರಿಗೆ ನಿದ್ರೆ ಬರುತ್ತದೆ.

ಅದರ ಬದಲು ಇಂಗಲ್‌ನುಕ್ ಎಂಬ ಶಂಟಿಂಗ್ (ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವ) ವಿನ್ಯಾಸವನ್ನು ಹುಡುಕಿ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ್ದು. ಹಳಿ ಕವಲೊಡೆಯುವ ಪಾಯಿಂಟ್ ಎರಡೇ, ವ್ಯಾಗನ್ ನಿಲ್ಲಿಸುವ ಸೈಡಿಂಗ್ ಹಳಿಗಳು ಮೂರು: ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಆಡುವ ಹಳಿಯಲ್ಲಿ ಎಂಜಿನ್ನಿನ ಜೊತೆ ಮೂರಕ್ಕಷ್ಟೇ ಜಾಗ. ಎಂಟು ವ್ಯಾಗನ್‌ಗಳಲ್ಲಿ ಐದನ್ನು ಚೀಟಿ ಎತ್ತಿ, ಚೀಟಿ ಬಂದ ಕ್ರಮದಲ್ಲಿಯೇ ಜೋಡಿಸಿ ರೈಲು ಮಾಡಬೇಕು. ಸಾಧ್ಯವಿರುವ ಜೋಡಣೆಗಳು 6,720. ಚಿಕ್ಕ ವ್ಯಾಗನ್‌ಗಳಿದ್ದರೆ ಒಂದೂವರೆ ಮೀಟರಿನ ಕಿರಿದಾದ ಹಲಗೆ ಸಾಕು. ಎಂಜಿನ್ ಆಮೆಯ ವೇಗದಲ್ಲಿ ತಡವರಿಸದೆ ಹೋಗಬೇಕಾದ್ದರಿಂದ ಹಳಿ ಹಾಸುವುದು, ತಂತಿ ಜೋಡಿಸುವುದು, ಚಕ್ರ ಒರೆಸುವುದು ಎಲ್ಲವನ್ನೂ ಅದು ಗದರಿಸಿ ಕಲಿಸುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮೇಷ್ಟರು ಇಲ್ಲ.

ಪುಸ್ತಕ ಒಂದೇ ಹೇಳುತ್ತೇನೆ: ಜಾನ್ ಆರ್ಮ್‌ಸ್ಟ್ರಾಂಗ್ ಅವರ ‘ಟ್ರ್ಯಾಕ್ ಪ್ಲಾನಿಂಗ್ ಫಾರ್ ರಿಯಲಿಸ್ಟಿಕ್ ಆಪರೇಶನ್’. ಮೊದಲು ಬಂದದ್ದು 1963ರಲ್ಲಿ. ಹಳಿಗಳ ನಕ್ಷೆ ಬಿಡಿಸುವ ಮುನ್ನ ಆ ರೈಲಿಗೆ ಅಲ್ಲಿ ಏನು ಕೆಲಸವೆಂದು ಕೇಳಿಕೊಳ್ಳುವ ಅಭ್ಯಾಸವನ್ನು ಅದು ಹತ್ತಿಸುತ್ತದೆ. ಆದರೆ ಶಂಟಿಂಗ್ ಹಲಗೆ ಓಡಿದ ಮೇಲೆ ಓದಿ. ಮೊದಲೇ ಓದಿದರೆ ನಾಲ್ಕು ಕೋಣೆ ತುಂಬುವ ನಕ್ಷೆ ಬಿಡಿಸುತ್ತ ಕುಳಿತುಬಿಡುತ್ತೀರಿ.

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಲು ಎಕ್ಸ್‌ಟ್ರ್ಯಾಕ್‌ಕ್ಯಾಡ್ ಎಂಬ ತಂತ್ರಾಂಶ ಪೂರ್ತಿ ಉಚಿತ, ಕಲಿಯಲು ಸ್ವಲ್ಪ ಒರಟು. ಎನಿರೈಲ್ ಸುಲಭ, ಆದರೆ ಉಚಿತ ಆವೃತ್ತಿಯಲ್ಲಿ ಹಳಿ ತುಂಡುಗಳಿಗೆ ಮಿತಿಯಿದೆ. ಇಂಗಲ್‌ನುಕ್‌ಗೆ ಆ ಮಿತಿ ಅಡ್ಡಬರುವುದಿಲ್ಲ. ನಕ್ಷೆಯನ್ನು ನಿಜವಾದ ಅಳತೆಯಲ್ಲಿಯೇ ಮುದ್ರಿಸಿ ಹಲಗೆಯ ಮೇಲೆ ಹಾಸಿ, ವ್ಯಾಗನ್‌ಗಳನ್ನು ಇಟ್ಟು ನೋಡಿ. ಪರದೆಯ ಮೇಲೆ ಹಿಡಿಸಿದ್ದೆಲ್ಲ ಹಲಗೆಯ ಮೇಲೆ ಹಿಡಿಸುವುದಿಲ್ಲ.

ಡಿಸಿಸಿ, ಅಂದರೆ ಎಂಜಿನ್‌ಗಳನ್ನು ಡಿಜಿಟಲ್ ಆಜ್ಞೆಗಳಿಂದ ನಡೆಸುವ ವ್ಯವಸ್ಥೆಯ ಬಗ್ಗೆಯೂ ಕೇಳಿದ್ದೀರಿ. ಒಂದೇ ಎಂಜಿನ್ ಇರುವವರೆಗೆ ಹಳಿಯ ವೋಲ್ಟೇಜ್ ಏರಿಸಿ ಇಳಿಸುವ ಸಾಮಾನ್ಯ ಡಿಸಿ ನಿಯಂತ್ರಕ ಸಾಕು. ಡಿಸಿಸಿಯಲ್ಲಿ ಹಳಿಗೆ ಸದಾ ವಿದ್ಯುತ್ ಇರುತ್ತದೆ, ಆಜ್ಞೆಯೂ ಅದರಲ್ಲೇ ಹರಿಯುತ್ತದೆ, ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ತನ್ನ ವಿಳಾಸಕ್ಕೆ ಬಂದದ್ದನ್ನಷ್ಟೇ ಪಾಲಿಸುತ್ತದೆ. ಹೊಸ ಡಿಕೋಡರ್‌ಗಳ ವಿಳಾಸ ಸಾಮಾನ್ಯವಾಗಿ 3. ಎರಡು ಹೊಸ ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಟು ನಿಲ್ಲುವುದಕ್ಕೆ ಅದೇ ಕಾರಣ. ಇಲ್ಲಿ ಡಿಕೋಡರ್ ಜೊತೆ ಬರುವ ಕೈಪಿಡಿಯೇ ಉತ್ತಮ ಪಠ್ಯ. ಮುಂದೆ ಕಂಪ್ಯೂಟರಿನಿಂದ ಹೊಂದಿಸಬೇಕೆನಿಸಿದರೆ ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶವಿದೆ.

ಪಠ್ಯಕ್ರಮದಂಥದ್ದು ಇದ್ದರೆ ಚೆನ್ನ ಎನ್ನುವವರಾದರೆ ಎನ್‌ಎಂಆರ್‌ಎಯ ‘ಗೋಲ್ಡನ್ ಸ್ಪೈಕ್’ ಪ್ರಶಸ್ತಿಯ ಷರತ್ತುಗಳನ್ನು ತೆಗೆದು ನೋಡಿ: ಆರು ವಾಹನ, ಎಂಟು ಚದರಡಿ ದೃಶ್ಯ, ಐದು ಕಟ್ಟಡ, ಜೊತೆಗೆ ಹಳಿ ಮತ್ತು ವಿದ್ಯುತ್ತಿನ ಕೆಲಸ. ಪ್ರಶಸ್ತಿ ಸದಸ್ಯರಿಗೆ ಮಾತ್ರ, ಪಟ್ಟಿ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಮೇಜಿನ ಉದ್ದಗಲವನ್ನು ಸೆಂಟಿಮೀಟರಿನಲ್ಲಿ ತಿಳಿಸಿ, ಗೋಡೆಗೆ ತಾಗಿದೆಯೋ ಸುತ್ತಲೂ ಓಡಾಡಬಹುದೋ ಎಂಬುದನ್ನೂ ಬರೆಯಿರಿ. ಎಚ್‌ಒ ಹಿಡಿಸುತ್ತದೆಯೋ ಎನ್‌ಗೇ ಹೋಗಬೇಕೋ ಎಂದು ಆಗ ಖಚಿತವಾಗಿ ಹೇಳಬಲ್ಲೆ.