ಬಿಸಿಯಾದರೆ ಹಿಡಿಯುವ ಬ್ರೇಕು, ಒತ್ತಿದರೆ ಮಂಕಾಗುವ ದೀಪ: ಹಳೇ ಎಂಜಿಬಿ ಕಾರಿನ ತೊಂದರೆಗಳು

ಪ್ರಶ್ನೆ: ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದೇನೆ. 1966ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಕೊಂಡಿದ್ದೇನೆ. ಹೊರಡುವಾಗ ಬ್ರೇಕ್ ಚೆನ್ನಾಗಿರುತ್ತದೆ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸುವಷ್ಟರಲ್ಲಿ ಪೆಡಲ್ ಕಲ್ಲಾಗಿ, ಗಾಡಿ ಯಾರೋ ಹಿಂದಕ್ಕೆಳೆದಂತೆ ಮುಂದೆ ಹೋಗುವುದಿಲ್ಲ. ಒಂದು ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋದ ವರ್ಷವಷ್ಟೇ ಹಾಕಿದ್ದು. ಮುಂದಿನ ಎರಡೂ ಕ್ಯಾಲಿಪರ್ (ಚಕ್ರದ ಡಿಸ್ಕಿಗೆ ಪ್ಯಾಡು ಒತ್ತುವ ಭಾಗ) ಬದಲಿಸಬೇಕು ಎನ್ನುತ್ತಿದ್ದಾರೆ ಗ್ಯಾರೇಜಿನವರು. ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ತಣಿದ ಮೇಲೆ ಸರಿಹೋಗುತ್ತದೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ತುಕ್ಕು ಹಿಡಿದು ಸಿಕ್ಕಿಕೊಂಡ ಕ್ಯಾಲಿಪರ್ ಪಿಸ್ಟನ್ ಸಾಮಾನ್ಯವಾಗಿ ಬೆಳಿಗ್ಗೆ ಗಾಡಿ ತೆಗೆಯುವಾಗಲೂ ಸಿಕ್ಕಿಕೊಂಡೇ ಇರುತ್ತದೆ. ಬಿಸಿಯಾದಾಗ ಹಿಡಿದು ತಣಿದಾಗ ಬಿಡುತ್ತಿದ್ದರೆ, ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಒತ್ತಡ ಉಳಿಯುತ್ತಿದೆ ಎಂದೇ ಮೊದಲು ಅನುಮಾನಿಸಬೇಕು.

ಮಾಸ್ಟರ್ ಸಿಲಿಂಡರಿನೊಳಗೆ ಸೂಜಿಮೊನೆಯಷ್ಟು ಸಣ್ಣ ತೂತೊಂದಿದೆ. ಪೆಡಲ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ, ಬಿಸಿಗೆ ಹಿಗ್ಗಿದ ಬ್ರೇಕ್ ಆಯಿಲ್ ಅದರ ಮೂಲಕ ಮೇಲಿನ ಡಬ್ಬಿಗೆ ವಾಪಸ್ಸಾಗುತ್ತದೆ. ಪಿಸ್ಟನ್ ಒಂದು ಕೂದಲೆಳೆಯಷ್ಟು ಮುಂದೆ ನಿಂತರೂ ರಬ್ಬರ್ ಆ ತೂತನ್ನು ಮುಚ್ಚಿಬಿಡುತ್ತದೆ. ಹಿಗ್ಗಿದ ಆಯಿಲ್‌ಗೆ ಹೋಗಲು ಜಾಗವಿಲ್ಲದೆ ಅದೇ ಪ್ಯಾಡುಗಳನ್ನು ಒತ್ತುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತು.

ಮೊದಲು ಯಾವ ಚಕ್ರಗಳು ಕಾಯುತ್ತಿವೆ ನೋಡಿ. ಕೈಯಿಟ್ಟು ನೋಡಬೇಡಿ, ಸುಟ್ಟೀತು. ನಿಮ್ಮ ಗಾಡಿಯಲ್ಲಿ ರಬ್ಬರ್ ಹೋಸ್ ಮೂರೇ: ಮುಂದಿನ ಚಕ್ರಕ್ಕೆ ಒಂದೊಂದು, ಹಿಂದಿನ ಎರಡಕ್ಕೂ ಸೇರಿ ಒಂದು. ಮುಂದಿನ ಒಂದೇ ಚಕ್ರ ಕಾದರೆ ಅದರ ಹೋಸ್ ಅಥವಾ ಕ್ಯಾಲಿಪರ್. ಹಿಂದಿನ ಎರಡೂ ಕಾದರೆ ಹಿಂದಿನ ಹೋಸ್, ಇಲ್ಲವೇ ಬಿಗಿಯಾಗಿರುವ ಹ್ಯಾಂಡ್‌ಬ್ರೇಕ್ ಕೇಬಲ್. ನಾಲ್ಕೂ ಕಾದರೆ ಮಾಸ್ಟರ್ ಸಿಲಿಂಡರ್ ಅಥವಾ ಪೆಡಲ್.

ಮುಂದಿನ ಪರೀಕ್ಷೆಯನ್ನು ಮನೆ ಹತ್ತಿರ, ಸಮತಟ್ಟಾದ ಜಾಗದಲ್ಲೇ ಮಾಡಿ. ಬ್ರೇಕ್ ಹಿಡಿದಿರುವಾಗಲೇ ಚಕ್ರಗಳಿಗೆ ಅಡ್ಡ ಕೊಟ್ಟು, ಗಾಡಿಯನ್ನು ಜಾಕಿಯಿಂದೆತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಕಣ್ಣಿಗೆ ಕನ್ನಡಕವಿರಲಿ. ಬಟ್ಟೆ ಸುತ್ತಿಕೊಂಡು ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಕಳ್ಳ ಅಲ್ಲೇ ಇದ್ದಾನೆ. ಬಿಡದಿದ್ದರೆ ಚಕ್ರದ ಹತ್ತಿರದ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ. ಆಗ ಬಿಟ್ಟರೆ ನಡುವಿನ ಹೋಸ್ ಒಳಗೇ ಊದಿದೆ. ಮೇಲ್ನೋಟಕ್ಕೆ ಹೊಸದರಂತಿರುವ ಹೋಸುಗಳೂ ಹೀಗೆ ಮಾಡುತ್ತವೆ. ಆಗಲೂ ಬಿಡದಿದ್ದರೆ ಮಾತ್ರ ಗ್ಯಾರೇಜಿನವರ ಮಾತು ಕೇಳಿ. ಚೆಲ್ಲಿದ ಆಯಿಲನ್ನು ತಕ್ಷಣ ನೀರಿನಿಂದ ತೊಳೆಯಿರಿ, ಪೇಂಟ್ ತಿಂದುಬಿಡುತ್ತದೆ. ನಟ್ಟುಗಳನ್ನು ಬಿಗಿದು, ಪೈಪಿನೊಳಗೆ ಸೇರಿದ ಗಾಳಿ ತೆಗೆಯದೆ ರಸ್ತೆಗಿಳಿಯಬೇಡಿ.

ನನ್ನ ಅನುಮಾನ ಪೆಡಲ್ ಮೇಲೆ, ಹೊಸ ಸಿಲಿಂಡರ್ ಹಾಕಿದ ಮೇಲೆ ಶುರುವಾಗಿದ್ದರೆ ಇನ್ನೂ ಜಾಸ್ತಿ. ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿ, ಪಿಸ್ಟನ್ನಿಗೆ ತಾಗುವ ಮುಂಚೆ ಪೆಡಲ್ ಸುಮಾರು 3 ಮಿ.ಮೀ. ಖಾಲಿ ಆಡಬೇಕು. ಆಡದಿದ್ದರೆ ರಿಟರ್ನ್ ಸ್ಪ್ರಿಂಗ್ ಇದೆಯೇ, ದಪ್ಪ ಮ್ಯಾಟ್ ತಡೆಯುತ್ತಿದೆಯೇ, ತಳ್ಳುವ ಕಡ್ಡಿ ಆ ಸಿಲಿಂಡರಿನದೇ ಹೌದೇ ನೋಡಿ.

ಪ್ರಶ್ನೆ: ಅದೇ ಗಾಡಿಯಲ್ಲಿ, ಬ್ರೇಕ್ ಒತ್ತಿದರೆ ಹಿಂದಿನ ಬಲಗಡೆ ದೀಪ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪೂ ಜೊತೆಗೇ ಮಿಟುಕುತ್ತದೆ. ಕೆಲವು ಸಲ ಎರಡೂ ಬ್ರೇಕ್ ದೀಪ ಹತ್ತುವುದೇ ಇಲ್ಲ. ವೈರಿಂಗ್ ಪೂರ್ತಿ ಹೊಸದು ಹಾಕಿಸಲೇ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು, ಎರಡಕ್ಕೂ ಹೊಸ ವೈರಿಂಗ್ ಬೇಕಿಲ್ಲ.

ಒಂದು ದೀಪ ಹತ್ತಿದರೆ ಇನ್ನೊಂದು ಕುಣಿಯುವುದು ಅರ್ತ್ (ಗಾಡಿಯ ಲೋಹದ ಮೈ ಮೂಲಕ ಕರೆಂಟು ಬ್ಯಾಟರಿಗೆ ಮರಳುವ ದಾರಿ) ಕೆಟ್ಟ ಲಕ್ಷಣ. ವಾಪಸ್ಸು ಹೋಗಲು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗುತ್ತದೆ. ಒಂದು ವಿಷಯ ಮರೆಯಬೇಡಿ: 1967ರ ಕೊನೆಯಲ್ಲಿ ಮಾರ್ಕ್ 2 ಮಾದರಿ ಬರುವ ತನಕ ಎಂಜಿಬಿಯಲ್ಲಿ ಗಾಡಿಯ ಲೋಹದ ಮೈಗೆ ಸೇರಿಸುತ್ತಿದ್ದುದು ಬ್ಯಾಟರಿಯ ಪ್ಲಸ್. ಹಿಂದಿನ ಯಜಮಾನರು ಯಾರಾದರೂ ಬದಲಿಸಿರಲೂಬಹುದು, ಸೀಟಿನ ಹಿಂದಿರುವ ಬ್ಯಾಟರಿಗಳನ್ನು ನೋಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ದೀಪದ ಲೋಹದ ಮೈಗೂ ಇನ್ನೊಂದನ್ನು ಗಾಡಿಯ ಮೈಗೆ ಸೇರುವ ಬ್ಯಾಟರಿ ಟರ್ಮಿನಲ್‌ಗೂ ಇಡಿ. 0.2 ವೋಲ್ಟಿನೊಳಗಿದ್ದರೆ ಸರಿ. ಒಂದು ವೋಲ್ಟ್ ದಾಟಿದರೆ ಡಿಕ್ಕಿಯಲ್ಲಿರುವ ಕಪ್ಪು ಅರ್ತ್ ವೈರಿನ ಕನೆಕ್ಟರ್ ಬಿಚ್ಚಿ, ಹಸಿರುಗಟ್ಟಿದ ತುದಿಗಳನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ.

ಬ್ರೇಕ್ ದೀಪ ಎರಡೂ ಕೈಕೊಡುವುದಕ್ಕೆ ಮುಖ್ಯ ಆರೋಪಿ ಸ್ವಿಚ್ಚು. ನಿಮ್ಮ ಮಾಡೆಲ್ಲಿನಲ್ಲಿ ಅದು ಪೆಡಲ್ ಹತ್ತಿರವಿಲ್ಲ, ಬ್ರೇಕ್ ಪೈಪುಗಳು ಕೂಡುವ ಜಾಯಿಂಟಿನಲ್ಲಿ ಕೂತು ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಇಗ್ನಿಷನ್ ಹಾಕಿ, ಅದರ ಹಸಿರು ವೈರನ್ನೂ ನೇರಳೆ ಗೆರೆಯ ಹಸಿರು ವೈರನ್ನೂ ಒಂದು ತುಂಡಿನಿಂದ ಸೇರಿಸಿ. ದೀಪ ಹತ್ತಿದರೆ ಸ್ವಿಚ್ ಬದಲಿಸಿ. ಎರಡು 21 ವ್ಯಾಟ್ ಬಲ್ಬಿಗೆ ಮೂರೂವರೆ ಆಂಪಿಯರ್ ಹರಿದು ಅದರ ಕಾಂಟಾಕ್ಟ್ ಸುಡುತ್ತದೆ. ಹೊಸದರ ಜೊತೆ ಒಂದು ರಿಲೇ (ಸ್ವಿಚ್ಚಿನ ಬದಲು ಆ ಕರೆಂಟನ್ನು ತಾನು ಹೊರುವ ಭಾಗ) ಹಾಕಿಬಿಡಿ, ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಲ್ಲದ್ದೇ ಇರಲಿ.

ಫ್ಯೂಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೇ ಬ್ರಿಟಿಷ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಮಟ್ಟ. ಸದಾ ತಡೆಯುವುದು 17 ಆಂಪಿಯರ್ ಮಾತ್ರ. ಸದಾ 35 ತಡೆಯುವ ಫ್ಯೂಸ್ ತಂದು ಹಾಕಿದರೆ ಫ್ಯೂಸ್ ಉಳಿದು ವೈರು ಸುಡುತ್ತದೆ.

ಪ್ರಶ್ನೆ: ಸಿಲಿಕೋನ್ ಬ್ರೇಕ್ ಆಯಿಲ್ ಹಾಕಬಹುದೇ? 40 ವರ್ಷ ದಾಟಿದ ಗಾಡಿಗೆ ಇಲ್ಲಿ ಎಂಒಟಿ (ವರ್ಷಕ್ಕೊಮ್ಮೆ ಮಾಡುವ ಗಾಡಿಯ ಸುಸ್ಥಿತಿ) ಪರೀಕ್ಷೆ ಬೇಡವಂತೆ, ಹೌದೇ?

ಉತ್ತರ: ಡಾಟ್ 4 ಎಂಬ ಸಾಮಾನ್ಯ ಬ್ರೇಕ್ ಆಯಿಲ್ ಸಾಕು, ಎರಡು ವರ್ಷಕ್ಕೊಮ್ಮೆ ಬದಲಿಸಿ. ಸಿಲಿಕೋನಿನ ಡಾಟ್ 5 ಅನ್ನು ಅದರ ಜೊತೆ ಬೆರೆಸಲೇಬಾರದು. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ.

ಭಾರೀ ಮಾರ್ಪಾಡು ಮಾಡದ ಗಾಡಿಗೆ 2018ರ ಮೇ ತಿಂಗಳಿಂದ ಆ ವಿನಾಯಿತಿ ಇದೆ. ಆದರೆ ಗಾಡಿ ರಸ್ತೆಗೆ ಯೋಗ್ಯವಾಗಿರಬೇಕಾದ ಕಾನೂನು ಹೊಣೆ ನಿಮ್ಮದೇ. ರಿಪೇರಿ ಮುಗಿದ ಮೇಲೆ ದುಡ್ಡು ಕೊಟ್ಟಾದರೂ ಪರೀಕ್ಷೆ ಮಾಡಿಸಿ. ಅಲ್ಲಿನ ರೋಲರ್ ಮೆಷಿನ್ ಒಂದೊಂದು ಚಕ್ರ ಎಷ್ಟು ಹಿಡಿಯುತ್ತದೆ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಮುಂದಿನ ಎಡ, ಬಲದ ಅಂಕಿಗಳಲ್ಲಿ ದೊಡ್ಡ ಅಂತರ ಕಂಡರೆ ಆಗ ಕ್ಯಾಲಿಪರ್ ಬಿಚ್ಚಿಸಿ.