ಅಮೆರಿಕದ ಕಾಲೇಜು ಫ್ರಟರ್ನಿಟಿ ಎಂದರೆ ಬರೀ ಕುಡಿತ, ಪಾರ್ಟಿಯೇ? ಯಾವುದಾದರೂ ಒಂದು ಚಾಪ್ಟರ್ ಹುಟ್ಟಿದ ಕಥೆ ಹೇಳುತ್ತೀರಾ?

ಫ್ರಟರ್ನಿಟಿ ಎಂದರೆ ಕಾಲೇಜು ಹುಡುಗರು ಕಟ್ಟಿಕೊಳ್ಳುವ ಸಂಘ, ಒಂದೊಂದು ಕಾಲೇಜಿನಲ್ಲಿರುವ ಅದರ ಶಾಖೆಯೇ ಚಾಪ್ಟರ್. ಕುಡಿತ, ಪಾರ್ಟಿ, ಹೊಸಬರನ್ನು ಗೋಳುಹೊಯ್ದುಕೊಳ್ಳುವುದು, ಇವೆಲ್ಲ ಇರುವುದು ನಿಜ. ಆದರೆ ನೀವು ಕೇಳಿದ್ದು ಹುಟ್ಟಿದ ಕಥೆ. ಹಾಗಾದರೆ ನಾನು ಹೇಳಬೇಕಾದ್ದು ನ್ಯೂಯಾರ್ಕ್ ರಾಜ್ಯದ ಇಥಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಆಲ್ಫಾ ಫೈ ಆಲ್ಫಾದ ಮೊದಲ ಚಾಪ್ಟರ್ ಬಗ್ಗೆ. ಕಪ್ಪು ವಿದ್ಯಾರ್ಥಿಗಳು ಕಟ್ಟಿ ಬೇರೆ ಬೇರೆ ಕಾಲೇಜುಗಳಿಗೆ ಹಬ್ಬಿಸಿದ, ಇಂದಿಗೂ ಉಳಿದಿರುವ ಫ್ರಟರ್ನಿಟಿಗಳಲ್ಲಿ ಇದೇ ಹಳೆಯದು.

ಯಾರು ಬೇಕಾದರೂ ಬಂದು ಓದಬಹುದು ಎಂಬುದು ವಿಶ್ವವಿದ್ಯಾಲಯ ಸ್ಥಾಪಿಸಿದ ಎಜ್ರಾ ಕಾರ್ನೆಲ್ ಅವರ ಆಸೆಯಾಗಿತ್ತು. ಸೇರಿಸಿಕೊಂಡರು, ಸರಿ. ಸೇರಿದ ಮೇಲೆ? ಕಪ್ಪು ಹುಡುಗರಿಗೆ ಓದಿನ ಗುಂಪಿಲ್ಲ, ಹಳೆಯ ನೋಟ್ಸ್ ಕೊಡುವ ಸೀನಿಯರ್ ಇಲ್ಲ. ಊರೊಳಗಿನ ಕಪ್ಪು ಕುಟುಂಬಗಳ ಮನೆಯಲ್ಲಿ ಬಾಡಿಗೆಗಿದ್ದುಕೊಂಡು ಗುಡ್ಡ ಹತ್ತಿ ಕ್ಲಾಸಿಗೆ ಹೋಗಬೇಕು. ಹಿಂದಿನ ವರ್ಷ ಸೇರಿದ್ದ ಆರು ಮಂದಿ 1905ರಲ್ಲಿ ತಿರುಗಿ ಬರಲೇ ಇಲ್ಲ. ಉಳಿದವರು ಒಟ್ಟಾಗಿ ಓದಲು, ಚರ್ಚೆ ಮಾಡಲು ಒಂದು ಸಾಹಿತ್ಯ ಕೂಟ ಮಾಡಿಕೊಂಡರು.

ಅಲ್ಲಿಂದ ಮುಂದಿನದೇ ನನಗೆ ಸ್ವಾರಸ್ಯ ಎನಿಸುವ ಭಾಗ. ಕೂಟ ಕೂಟವಾಗಿಯೇ ಇರಲಿ ಎನ್ನುವವರು ಕೆಲವರು, ಬಿಳಿಯರಿಗಿರುವಂಥ ಫ್ರಟರ್ನಿಟಿಯೇ ಬೇಕು ಎನ್ನುವವರು ಕೆಲವರು. ಈ ಜಗ್ಗಾಟ ತಿಂಗಳುಗಟ್ಟಲೆ ನಡೆಯಿತು. ಫ್ರಟರ್ನಿಟಿ ಒಳಗೆ ಹೇಗಿರುತ್ತದೆಂದು ಅವರಲ್ಲಿ ಕೆಲವರಿಗೆ ಚೆನ್ನಾಗಿಯೇ ಗೊತ್ತಿತ್ತು. ಬಿಳಿಯರ ಫ್ರಟರ್ನಿಟಿ ಮನೆಗಳಲ್ಲಿ ಊಟ ಬಡಿಸಿ ಖರ್ಚಿಗೆ ದುಡಿಯುತ್ತಿದ್ದವರು ತಾನೇ! ಒಬ್ಬರಿಗೊಬ್ಬರು ನೆರವಾಗುವುದರಿಂದ ಏನು ಸಿಗುತ್ತದೆ ಎಂಬುದನ್ನು ತಟ್ಟೆ ಹಿಡಿದು ನಿಂತೇ ನೋಡಿದ್ದರು. ಕೊನೆಗೆ 1906ರ ಡಿಸೆಂಬರ್ 4ರಂದು ಫ್ರಟರ್ನಿಟಿ ಪಕ್ಷವೇ ಗೆದ್ದಿತು. ಜಾರ್ಜ್ ಕೆಲ್ಲಿ ಮೊದಲ ಅಧ್ಯಕ್ಷರಾದರು. ಸಾಹಿತ್ಯ ಕೂಟವನ್ನು ಮುನ್ನಡೆಸಿದ್ದ ಪಾಯಿಂಡೆಕ್ಸ್‌ಟರ್ ಅವರ ಹೆಸರು ಮಾತ್ರ ಇಂದಿನ ಏಳು ಸ್ಥಾಪಕರ ಪಟ್ಟಿಯಲ್ಲಿಲ್ಲ. ಕೂಟವಿಲ್ಲದೆ ಫ್ರಟರ್ನಿಟಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಕೆನಿಸುತ್ತದೆ, ಬಿಡಿ.

ಚಾಪ್ಟರ್ ಇಥಕಾದಲ್ಲೇ ಕುಳಿತಿದ್ದರೆ ಹುಡುಗರು ಪಾಸಾಗಿ ಹೋದ ಮೇಲೆ ಮುಗಿದುಹೋಗುತ್ತಿತ್ತೇನೋ. ಸ್ಥಾಪಕರಲ್ಲೊಬ್ಬರಾದ ಯೂಜೀನ್ ಕಿಂಕಲ್ ಜೋನ್ಸ್ 1907ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಎರಡನೆಯ ಚಾಪ್ಟರನ್ನೂ, ತಾವು ಮೊದಲು ಓದಿದ್ದ ವರ್ಜೀನಿಯಾ ಯೂನಿಯನ್ ವಿಶ್ವವಿದ್ಯಾಲಯದಲ್ಲಿ ಮೂರನೆಯದನ್ನೂ ಶುರುಮಾಡಿಸಿದರು. ಮುಂದೆ ಕಪ್ಪು ಜನರ ಏಳಿಗೆಗಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದವರೂ ಇವರೇ. ಇನ್ನೊಬ್ಬ ಸ್ಥಾಪಕ ವರ್ಟ್‌ನರ್ ಟ್ಯಾಂಡಿ ವಾಸ್ತುಶಿಲ್ಪಿಯಾದರು. ಕೇಶತೈಲ ಮಾರಿ ಶ್ರೀಮಂತೆಯಾದ ಮೇಡಂ ಸಿ. ಜೆ. ವಾಕರ್ ಅವರ ಬಂಗಲೆ ವಿಲ್ಲಾ ಲೆವಾರೋ ಅವರದೇ ವಿನ್ಯಾಸ.

1935ರ ಒಂದು ಮೊಕದ್ದಮೆ ಹೇಳಿದರೆ ಈ ನಂಟು ಎಷ್ಟು ದೂರ ಹೋಯಿತೆಂದು ತಿಳಿಯುತ್ತದೆ. ಡೊನಾಲ್ಡ್ ಮರ್ರೆ ಎಂಬವರಿಗೆ ಬಣ್ಣದ ಕಾರಣಕ್ಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಾ ಸ್ಕೂಲ್ ಸೀಟು ನಿರಾಕರಿಸಿತು. ಅವರ ಪರ ವಾದಿಸಿದ ಚಾರ್ಲ್ಸ್ ಹ್ಯೂಸ್ಟನ್ ಮತ್ತು ತರ್ಗುಡ್ ಮಾರ್ಷಲ್ ಇಬ್ಬರೂ ಆಲ್ಫಾದವರು, ಕಕ್ಷಿದಾರರೂ ಆಲ್ಫಾದವರೇ. ಗೆದ್ದರು. ಮಾರ್ಷಲ್ ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

ಬಿಳಿಯರ ಫ್ರಟರ್ನಿಟಿಗಳಿಗಿಂತ ಇವರದು ಬೇರೆ ಎಂದು ನನಗನಿಸುವುದು ಇಲ್ಲಿ. ಡಿಗ್ರಿ ಮುಗಿದರೂ ಸದಸ್ಯತ್ವ ಸಡಿಲವಾಗುವುದಿಲ್ಲ. ಓದು ಮುಗಿಸಿದವರಿಗೇ ಊರೂರಲ್ಲಿ ಬೇರೆ ಚಾಪ್ಟರ್‌ಗಳಿವೆ, ಚಂದಾ ಕೊಟ್ಟು ಸಭೆಗೆ ಬರುವವರು ನಡುವಯಸ್ಸಿನವರು, ಮುದುಕರು. ಮಾರ್ಟಿನ್ ಲೂಥರ್ ಕಿಂಗ್ ಸೇರಿದ್ದೂ ಬಾಸ್ಟನ್‌ನಲ್ಲಿ ಡಾಕ್ಟರೇಟ್ ಮಾಡುತ್ತಿದ್ದಾಗ, 1952ರಲ್ಲಿ. ವಾಷಿಂಗ್ಟನ್ನಿನಲ್ಲಿ ಅವರ ಸ್ಮಾರಕ ಆಗಬೇಕೆಂದು 1984ರಲ್ಲಿ ಪಟ್ಟುಹಿಡಿದವರು ಈ ಫ್ರಟರ್ನಿಟಿಯವರು. ಕಾಂಗ್ರೆಸ್ ಒಪ್ಪಿಗೆ ಕೊಟ್ಟದ್ದು 1996ರಲ್ಲಿ, ಸ್ಮಾರಕ ತೆರೆದದ್ದು 2011ರಲ್ಲಿ.

ಹಾಗೆಂದು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಹೊಸಬರಿಗೆ ಹೊಡೆಯುವುದು, ಹಿಂಸಿಸುವುದು ಕಪ್ಪು ಫ್ರಟರ್ನಿಟಿಗಳಲ್ಲೂ ಇದೆ, ಇದರ ಕೇಸುಗಳು ಕೋರ್ಟಿಗೂ ಹೋಗಿವೆ. ನಿಮ್ಮ ಮಗನೋ ತಮ್ಮನೋ ಅಲ್ಲಿ ಓದಲು ಹೊರಟಿದ್ದರೆ, ಯಾವ ಫ್ರಟರ್ನಿಟಿ ಎನ್ನುವುದಕ್ಕಿಂತ ಆ ಕಾಲೇಜಿನ ಚಾಪ್ಟರ್ ಈಗ ಹೇಗಿದೆ ಎಂದು ವಿಚಾರಿಸಲು ಹೇಳಿ. ಹಲವು ವಿಶ್ವವಿದ್ಯಾಲಯಗಳು ಶಿಸ್ತುಕ್ರಮಕ್ಕೊಳಗಾದ ಚಾಪ್ಟರ್‌ಗಳ ಪಟ್ಟಿಯನ್ನು ತಾವೇ ಪ್ರಕಟಿಸುತ್ತವೆ.